ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್: ಹಂತ ಹಂತವಾಗಿ

ಮುದ್ದೆಗೆ ಹಲ್ಲು ಬೇಡ, ನುಂಗಿದರಾಯಿತು. ಆ ಧೈರ್ಯದಲ್ಲೇ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಎಷ್ಟೋ ಜನ ದವಡೆ ಹಲ್ಲು ಕೀಳಿಸಿದ ಮೇಲೆ ಆ ಜಾಗವನ್ನು ಹಾಗೇ ಬಿಟ್ಟುಬಿಡುತ್ತಾರೆ. ಹುರಿದ ಕಡಲೆಕಾಯಿಯೋ ಚಿಕ್ಕಲ್ಲೂರು ಜಾತ್ರೆಯ ಬಾಡೂಟವೋ ಎದುರಿಗೆ ಬಂದಾಗಷ್ಟೇ ಹೋದ ಹಲ್ಲಿನ ನೆನಪು. ಅಷ್ಟರಲ್ಲಿ ಪಕ್ಕದ ಹಲ್ಲು ವಾಲಿರುತ್ತದೆ, ಎದುರು ಸಾಲಿನ ಹಲ್ಲು ಖಾಲಿ ಜಾಗದತ್ತ ಸರಿದಿರುತ್ತದೆ, ಒಳಗಿನ ಮೂಳೆಯೂ ಸವೆದಿರುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಆ ಭಾಗದ ಮೂಳೆ ಅಗಲದಲ್ಲಿ ಅರ್ಧದಷ್ಟು ಕರಗಬಹುದು.

ಈ ಜಾಗಕ್ಕೆ ಇಂಪ್ಲಾಂಟ್ ಹಾಕುವುದು ಹೇಗೆ, ಯಾವ ಹಂತದಲ್ಲಿ ಏನಾಗುತ್ತದೆ, ನೀವು ಏನು ಕೇಳಬೇಕು, ಏನು ಮಾಡಬಾರದು ಎಂಬುದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂಳೆಗೆ ಇಂಪ್ಲಾಂಟ್ ಕೂರಿಸುವ ಕೆಲಸಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಪೂರ್ತಿ ಹಲ್ಲು ಬರಲು ಮಾತ್ರ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಕೆಡುವುದು ಹೆಚ್ಚಾಗಿ ಆ ಒಂದು ಗಂಟೆಯಲ್ಲಲ್ಲ. ಅದಕ್ಕೆ ಮುಂಚಿನ ಅವಸರದಲ್ಲಿ, ಆಮೇಲಿನ ಅಲಕ್ಷ್ಯದಲ್ಲಿ.

ಇಂಪ್ಲಾಂಟ್ ಎಂದರೆ ಏನು?

ಇದರಲ್ಲಿ ಮೂರು ಭಾಗ. ಮೂಳೆಯೊಳಗೆ ಕೂರುವ ಟೈಟಾನಿಯಂ ತಿರುಪು ಮೊದಲನೆಯದು. ಇದು ಹಲ್ಲಿನ ಬೇರಿನ ಜಾಗದಲ್ಲಿರುತ್ತದೆ. ಅದರ ಮೇಲೆ ವಸಡಿನಿಂದ ಹೊರಬರುವ ಚಿಕ್ಕ ಕಂಬ ಎರಡನೆಯದು, ಅದಕ್ಕೆ ಅಬಟ್‌ಮೆಂಟ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಹಲ್ಲು, ಅಂದರೆ ಕ್ಯಾಪ್, ಮೂರನೆಯದು.

ಟೈಟಾನಿಯಂ ಮೂಳೆಗೆ ಒಗ್ಗುತ್ತದೆ ಎಂದು ಕಂಡುಕೊಂಡವರು ಸ್ವೀಡನ್ನಿನ ಪ್ರೊಫೆಸರ್ ಪೆರ್-ಇಂಗ್ವಾರ್ ಬ್ರೊನೆಮಾರ್ಕ್. 1950ರ ದಶಕದಲ್ಲಿ ಅವರು ಮೊಲದ ಮೂಳೆಯೊಳಗಿನ ರಕ್ತ ಸಂಚಾರ ನೋಡಲು ಟೈಟಾನಿಯಂನ ಸಣ್ಣ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದು ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಬಾಯಿಗೆ ಮೊದಲ ಇಂಪ್ಲಾಂಟ್‌ಗಳನ್ನು ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ನಲವತ್ತು ವರ್ಷ, ಅವು ಕೆಲಸ ಮಾಡಿದವು. ಇವತ್ತಿನ ಎಲ್ಲ ಇಂಪ್ಲಾಂಟ್‌ಗಳ ತಳಹದಿ ಇದೇ: ಮೂಳೆ ಲೋಹವನ್ನು ಹಿಡಿದುಕೊಳ್ಳಬೇಕು, ಅದಕ್ಕೆ ಸಮಯ ಕೊಡಬೇಕು.

ಹಂತ 1: ನಿಮಗೆ ಇಂಪ್ಲಾಂಟೇ ಬೇಕೇ ಎಂದು ನೋಡಿ

ಹೋದ ಹಲ್ಲಿಗೆ ಮೂರು ದಾರಿಗಳಿವೆ. ತೆಗೆದು ಹಾಕುವ ಸೆಟ್ಟು, ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ ಅವುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜ್, ಮೂರನೆಯದು ಇಂಪ್ಲಾಂಟ್. ಅಕ್ಕಪಕ್ಕದ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಇದ್ದರೆ ಬ್ರಿಡ್ಜ್ ಜಾಣತನದ ಆಯ್ಕೆ. ಅವು ಗಟ್ಟಿಯಾಗಿ, ಹುಳುಕಿಲ್ಲದೆ ಇದ್ದರೆ ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲು ಉಜ್ಜಿಸುವುದಕ್ಕಿಂತ ಇಂಪ್ಲಾಂಟ್ ಮೇಲು.

ಬಾಯಲ್ಲಿ ಒಂದೂ ಹಲ್ಲಿಲ್ಲದ ಬಿಪಿಎಲ್ ಕುಟುಂಬದ ಹಿರಿಯರಿಗೆ ಪೂರ್ತಿ ಹಲ್ಲಿನ ಸೆಟ್ಟು ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದೆ. ಈಗಿನ ವಯಸ್ಸಿನ ಮಿತಿ, ಬೇಕಾದ ದಾಖಲೆಗಳನ್ನು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಮೇಲಿನ ಸೆಟ್ಟು ಕೂತು, ಕೆಳಗಿನದು ಮಾತ್ರ ಮಾತಾಡುವಾಗಲೆಲ್ಲ ಎದ್ದು ಬರುತ್ತಿದ್ದರೆ ಕೆಳದವಡೆಯ ಮುಂಭಾಗಕ್ಕೆ ಎರಡೇ ಇಂಪ್ಲಾಂಟ್ ಹಾಕಿ ಅದಕ್ಕೆ ಸೆಟ್ಟನ್ನು ಒತ್ತುಗುಂಡಿಯಿಂದ ಕೂರಿಸುವ ವಿಧಾನವೂ ಇದೆ. ಎಲ್ಲ ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕಿಲ್ಲ.

ರಸ್ತೆ ಬದಿಯಲ್ಲಿ, ಜಾತ್ರೆಯಲ್ಲಿ ಕೂತು "ಫಿಕ್ಸೆಡ್ ಹಲ್ಲು" ಕಟ್ಟಿಕೊಡುವವರ ಹತ್ತಿರ ಹೋಗಬೇಡಿ. ಅವರು ಕಟ್ಟುವುದು ಇಂಪ್ಲಾಂಟ್ ಅಲ್ಲ. ಪ್ಲಾಸ್ಟಿಕ್ ಹಲ್ಲನ್ನು ತಂತಿ, ಅಂಟುಗಳಿಂದ ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಾರೆ. ಅದರಡಿ ಅನ್ನ ಸಿಕ್ಕಿ ಕೊಳೆತು ಪಕ್ಕದ ಹಲ್ಲುಗಳೂ ಹೋಗುತ್ತವೆ.

ಹಂತ 2: ವೈದ್ಯರನ್ನು ಆರಿಸಿ, ದುಡ್ಡು ಮತ್ತು ಓಡಾಟದ ಲೆಕ್ಕ ಹಾಕಿ

ಇಂಪ್ಲಾಂಟ್ ಹಾಕುವವರು ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿದ ದಂತವೈದ್ಯರೇ ಆಗಿರಬೇಕು. ಬಾಯಿ ಶಸ್ತ್ರಚಿಕಿತ್ಸೆ, ವಸಡು ಅಥವಾ ಕೃತಕ ಹಲ್ಲಿನ ವಿಭಾಗದಲ್ಲಿ ಎಂಡಿಎಸ್ ಮಾಡಿದವರು ಅಥವಾ ಇಂಪ್ಲಾಂಟ್ ತರಬೇತಿ ಪಡೆದ ಬಿಡಿಎಸ್ ವೈದ್ಯರು ಈ ಕೆಲಸ ಮಾಡುತ್ತಾರೆ. ಎಷ್ಟೋ ಊರುಗಳಲ್ಲಿ ಸ್ಥಳೀಯ ಕ್ಲಿನಿಕ್‌ಗೆ ತಜ್ಞರು ಗೊತ್ತಾದ ದಿನ ಹೊರಗಿನಿಂದ ಬಂದು ಹಾಕಿ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಅವರು ಹೋದ ಮೇಲೆ ನೋವು, ಬಾವು ಬಂದರೆ ಯಾರನ್ನು ಹಿಡಿಯಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಮೈಸೂರಿನಲ್ಲಿ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ಕಾಲೇಜುಗಳಿವೆ. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡುವುದರಿಂದ ಖರ್ಚು ಸಾಮಾನ್ಯವಾಗಿ ಕಡಿಮೆ, ಸಮಯ ಹೆಚ್ಚು. ಕೊಳ್ಳೇಗಾಲದಿಂದ ಮೈಸೂರು ತಿ.ನರಸೀಪುರದ ಮೇಲೆ ಸುಮಾರು 60 ಕಿ.ಮೀ. ಮಲೆ ಮಹದೇಶ್ವರ ಬೆಟ್ಟದ ಕಡೆಯವರಿಗೆ ಕೊಳ್ಳೇಗಾಲ ತಲುಪುವುದೇ ದೊಡ್ಡ ಪ್ರಯಾಣ. ಒಂದು ಹಲ್ಲಿಗೆ ಆರೇಳು ಸಲ ಹೋಗಿ ಬರಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಹೊಲಿಗೆ ಬಿಚ್ಚುವುದು, ಗಾಯ ನೋಡುವುದು ಊರಿನ ದಂತವೈದ್ಯರಲ್ಲೇ ಆಗುತ್ತದೆಯೇ ಎಂದು ವಿಚಾರಿಸಿದರೆ ಎರಡು ಸಲದ ಓಡಾಟ ಉಳಿಯುತ್ತದೆ.

ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಹಲ್ಲಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ಹೇಳುತ್ತಾರೆ. ಕಂಪನಿ ಯಾವುದು, ಕ್ಯಾಪ್ ಯಾವುದರದು ಎಂಬುದರ ಮೇಲೆ ವ್ಯತ್ಯಾಸ. ಕಡಿಮೆ ರೇಟು ಹೇಳಿದವರ ಬಳಿ ಒಂದೊಂದಾಗಿ ಕೇಳಿ: ಇದರಲ್ಲಿ ಅಬಟ್‌ಮೆಂಟ್ ಸೇರಿದೆಯೇ? ಕ್ಯಾಪ್? ಸ್ಕ್ಯಾನ್? ಮೂಳೆ ಸಾಲದೆ ಮೂಳೆ ಪುಡಿ ಹಾಕಬೇಕಾದರೆ ಅದಕ್ಕೆ ಬೇರೆಯೇ? ಇಂಪ್ಲಾಂಟ್ ಕಚ್ಚಿಕೊಳ್ಳದೆ ಬಿದ್ದರೆ ಮತ್ತೆ ಹಾಕಲು ಎಷ್ಟು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಂತ 3: ದೇಹವನ್ನು ಸಿದ್ಧ ಮಾಡಿ

ಸಕ್ಕರೆ ಕಾಯಿಲೆ ಇದ್ದರೆ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 7ರ ಆಸುಪಾಸು ಇದ್ದರೆ ಒಳ್ಳೆಯದು. 8 ದಾಟಿದ್ದರೆ ಹೆಚ್ಚಿನ ವೈದ್ಯರು ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ. ಬಿಪಿಯೂ ಹತೋಟಿಯಲ್ಲಿರಬೇಕು.

ಮೈಸೂರಿನ ಜಯದೇವ ಆಸ್ಪತ್ರೆಯಲ್ಲೋ ಬೇರೆಲ್ಲೋ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯ ಚೀಟಿ ತೋರಿಸಿ, ಹೃದಯದ ವೈದ್ಯರು ಮತ್ತು ದಂತವೈದ್ಯರು ಮಾತಾಡಿ ತೀರ್ಮಾನಿಸಲಿ. ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಬಾಯಿ ಅಥವಾ ಕುತ್ತಿಗೆಗೆ ಕ್ಯಾನ್ಸರ್ ವಿಕಿರಣ ಚಿಕಿತ್ಸೆ ಆಗಿದ್ದರೆ, ಪೆನಿಸಿಲಿನ್ ಆಗದಿದ್ದರೆ ಕೇಳುವ ಮೊದಲೇ ಹೇಳಿ. ಗರ್ಭಿಣಿಯರು ಹೆರಿಗೆಯ ನಂತರ ಮಾಡಿಸಬಹುದು. ದವಡೆ ಇನ್ನೂ ಬೆಳೆಯುತ್ತಿರುವ, 18 ತುಂಬದ ಮಕ್ಕಳಿಗೆ ಇಂಪ್ಲಾಂಟ್ ಹಾಕುವುದಿಲ್ಲ.

ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿಯ ವಿಷಯ ಬೇರೆಯೇ. ಬಾಯಗಲಿಸಿ ಮೇಲಿನ ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡಿ. ಹೋಗದಿದ್ದರೆ ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಪದರ ಬಿಗಿದಿರಬಹುದು. ಅಂಥ ಬಾಯೊಳಗೆ ಹಿಂದಿನ ದವಡೆಗೆ ಡ್ರಿಲ್ ಹಿಡಿಯಲು ಜಾಗವೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಬಿಗಿತ ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ಮೊದಲು ಅದರ ಚಿಕಿತ್ಸೆ ಆಗಲಿ. ಬೀಡಿ, ಸಿಗರೇಟು ಸೇದುವವರು ಕನಿಷ್ಠ ಒಂದು ವಾರ ಮುಂಚೆ ನಿಲ್ಲಿಸಿ, ಹಾಕಿಸಿದ ಮೇಲೂ ಎರಡು ತಿಂಗಳು ಮುಟ್ಟದಿರಬೇಕು. ಪೂರ್ತಿ ಬಿಟ್ಟರೆ ಹಾಕಿದ ದುಡ್ಡಿಗೂ ಒಳ್ಳೆಯದು.

ಬಾಯಲ್ಲಿ ಗಾರೆ ಕಟ್ಟಿದ್ದರೆ, ವಸಡಿನಿಂದ ರಕ್ತ ಬರುತ್ತಿದ್ದರೆ, ಹುಳುಕು ಇದ್ದರೆ ಅದನ್ನೆಲ್ಲ ಸ್ವಚ್ಛ ಮಾಡಿಸಿದ ಮೇಲೆಯೇ ಇಂಪ್ಲಾಂಟ್.

ಹಂತ 4: ಸ್ಕ್ಯಾನ್ ಮತ್ತು ಅಳತೆ

ಸಾದಾ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಅದಕ್ಕೇ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ನಿಂತೋ ಕೂತೋ ಗಲ್ಲವನ್ನು ಆನಿಸಿದರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಅರ್ಧ ನಿಮಿಷದ ಕೆಲಸ.

ಇದರಲ್ಲಿ ಮುಖ್ಯವಾಗಿ ನೋಡುವುದು ಎರಡು. ಕೆಳದವಡೆಯಲ್ಲಿ ತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಎಲ್ಲಿ ಹಾದಿದೆ ಎಂಬುದು. ಇಂಪ್ಲಾಂಟ್‌ನ ತುದಿ ಆ ನರಕ್ಕಿಂತ ಕನಿಷ್ಠ 2 ಮಿ.ಮೀ. ಮೇಲೆ ನಿಲ್ಲಬೇಕು. ಮೇಲ್ದವಡೆಯಲ್ಲಾದರೆ ಮೂಗಿನ ಪಕ್ಕದ ಸೈನಸ್ ಎಂಬ ಗಾಳಿಕೋಣೆ ಎಷ್ಟು ಕೆಳಗಿಳಿದಿದೆ ಎಂಬುದು. ಪಕ್ಕದ ಹಲ್ಲಿನಿಂದ ಸುಮಾರು ಒಂದೂವರೆ ಮಿ.ಮೀ., ಇನ್ನೊಂದು ಇಂಪ್ಲಾಂಟ್‌ನಿಂದ 3 ಮಿ.ಮೀ. ಅಂತರವೂ ಬೇಕು. ಇದನ್ನೆಲ್ಲ ಅಳೆದು ತಿರುಪಿನ ಗಾತ್ರ ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಮೂರೂವರೆಯಿಂದ 5 ಮಿ.ಮೀ. ದಪ್ಪ, 8ರಿಂದ 13 ಮಿ.ಮೀ. ಉದ್ದ.

ಮೂಳೆ ಸಾಲದಿದ್ದರೆ ಮೂಳೆ ಪುಡಿ ತುಂಬಿ ಬೆಳೆಸುತ್ತಾರೆ. ಈ ಪುಡಿಗಳಲ್ಲಿ ಕೆಲವು ದನದ ಮೂಳೆಯಿಂದ ಸಂಸ್ಕರಿಸಿದವು. ಅದರ ಮೇಲೆ ಹೊದಿಸುವ ತೆಳು ಪರದೆಗಳಲ್ಲಿ ಹಂದಿಯಿಂದ ತೆಗೆದವೂ ಇವೆ. ಮಾಂಸ ಮುಟ್ಟದ ಮನೆಯವರು, ಧರ್ಮದ ಕಾರಣಕ್ಕೆ ಬೇಡ ಎನ್ನುವವರು ಮುಂಚೆಯೇ ಕೇಳಿ. ಕೃತಕವಾಗಿ ತಯಾರಿಸಿದ ಪುಡಿ ಸಿಗುತ್ತದೆ, ನಿಮ್ಮದೇ ದವಡೆಯ ಮೂಳೆಯನ್ನೂ ಬಳಸಬಹುದು. ಹಾಕಿದ ಮೇಲೆ ತಿಳಿದು ಕೊರಗುವುದಕ್ಕಿಂತ ಇದು ವಾಸಿ.

ಹಂತ 5: ಇಂಪ್ಲಾಂಟ್ ಹಾಕುವ ದಿನ

ಹಸಿದುಕೊಂಡು ಹೋಗಬೇಡಿ. ತಿಂಡಿ ತಿಂದು, ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ನುಂಗಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಕೆಲವರಿಗೆ ಒಂದು ಗಂಟೆ ಮೊದಲು ಆಂಟಿಬಯೋಟಿಕ್ ಕೊಡುತ್ತಾರೆ. ಔಷಧದ ನೀರಿನಲ್ಲಿ ಬಾಯಿ ಮುಕ್ಕಳಿಸಿದ ಮೇಲೆ ಕೆಲಸ ಶುರು.

1. ಆ ಭಾಗ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಎಚ್ಚರ ಇರುತ್ತದೆ, ನೋವು ಇರುವುದಿಲ್ಲ. ಹಲ್ಲು ಕೀಳಿಸುವಾಗ ಕೊಡುವ ಇಂಜೆಕ್ಷನ್ನೇ ಇದು.

2. ವಸಡನ್ನು ಸಣ್ಣಗೆ ಕೊಯ್ದು ಬಿಡಿಸಿ ಮೂಳೆ ಕಾಣುವಂತೆ ಮಾಡುತ್ತಾರೆ.

3. ಸುಮಾರು 2 ಮಿ.ಮೀ. ದಪ್ಪದ ಮೊದಲ ಡ್ರಿಲ್‌ನಿಂದ ದಾರಿ ಮಾಡುತ್ತಾರೆ. ಹಲ್ಲು ಉಜ್ಜುವ ಏರೋಟರ್ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗಿ ಕಿರ್ರೆಂದು ಕೂಗುತ್ತದಲ್ಲ, ಇಲ್ಲಿ ಆ ಸದ್ದಿಲ್ಲ. ಇಂಪ್ಲಾಂಟ್ ಡ್ರಿಲ್ ತಿರುಗುವುದು ನಿಮಿಷಕ್ಕೆ ಸುಮಾರು 800ರಿಂದ 1200 ಸುತ್ತು ಅಷ್ಟೇ. ನಿಮಗೆ ಗೊತ್ತಾಗುವುದು ದವಡೆಯ ನಡುಕ, ಕಿವಿಯ ಹತ್ತಿರದ ಗುರುಗುರು ಸದ್ದು, ಬಾಯೊಳಗೆ ಹರಿಯುವ ತಣ್ಣನೆಯ ಸಲೈನ್ ನೀರು. ಆ ನೀರು ಮುಖ್ಯ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದರ ಜೀವಕೋಶಗಳು ಸಾಯುತ್ತವೆ. ಸತ್ತ ಮೂಳೆ ಲೋಹವನ್ನು ಹಿಡಿಯುವುದಿಲ್ಲ.

4. ಲೋಹದ ಕಡ್ಡಿಯೊಂದನ್ನು ತೂತಿಗೆ ಇಟ್ಟು ಎಕ್ಸ್‌ರೇ ತೆಗೆದು ದಿಕ್ಕು ಸರಿಯಿದೆಯೇ ನೋಡುತ್ತಾರೆ. ನಂತರ ಒಂದಕ್ಕಿಂತ ಒಂದು ಸ್ವಲ್ಪ ದಪ್ಪದ ಡ್ರಿಲ್‌ಗಳಿಂದ ತೂತನ್ನು ಅಗಲಿಸುತ್ತಾರೆ.

5. ಡಬ್ಬಿಯ ಸೀಲ್ ಒಡೆದು ಇಂಪ್ಲಾಂಟ್ ತೆಗೆದು, ಎಲ್ಲೂ ಕೈ ತಾಗಿಸದೆ, ನಿಮಿಷಕ್ಕೆ 20-30 ಸುತ್ತಿನ ನಿಧಾನದಲ್ಲಿ ತಿರುಗಿಸಿ ಇಳಿಸುತ್ತಾರೆ. ಕೊನೆಯ ಬಿಗಿತವನ್ನು ಟಾರ್ಕ್ ರೆಂಚ್ ಎಂಬ ಪುಟ್ಟ ಸ್ಪ್ಯಾನರ್ ಅಳೆಯುತ್ತದೆ. 35 ನ್ಯೂಟನ್ ಸೆಂಟಿಮೀಟರ್ ಆಸುಪಾಸು ಬಂದರೆ ಹಿಡಿತ ಚೆನ್ನಾಗಿದೆ ಎಂದರ್ಥ.

6. ಮೇಲೆ ಪುಟ್ಟ ಮುಚ್ಚಳದ ತಿರುಪು ಹಾಕಿ ವಸಡು ಹೊಲಿಯುತ್ತಾರೆ. ಹಿಡಿತ ಗಟ್ಟಿಯಿದ್ದರೆ ವಸಡಿನಿಂದ ಹೊರಗೆ ಕಾಣುವ ಗುಂಡನೆಯ ಮುಚ್ಚಳವನ್ನೇ ಅವತ್ತೇ ಹಾಕುವುದೂ ಉಂಟು. ಆಗ ಎರಡನೆಯ ಸಲ ವಸಡು ಕೊಯ್ಯಬೇಕಿಲ್ಲ.

ಹಲ್ಲು ಕಿತ್ತ ದಿನವೇ ಅದೇ ಗುಂಡಿಗೆ ಇಂಪ್ಲಾಂಟ್ ಹಾಕುವುದು, ಹಾಕಿದ ದಿನವೇ ತಾತ್ಕಾಲಿಕ ಹಲ್ಲು ಕೊಡುವುದು ಎರಡೂ ಸಾಧ್ಯ. ಆದರೆ ಕೀವಿಲ್ಲದ, ಮೂಳೆ ಗಟ್ಟಿಯಿರುವ ಆಯ್ದ ಬಾಯಿಗಳಿಗೆ ಮಾತ್ರ. "ಒಂದೇ ದಿನದಲ್ಲಿ ಹಲ್ಲು" ಎಂಬ ಬೋರ್ಡು ನೋಡಿ ನಿಮಗೂ ಹಾಗೇ ಆಗಬೇಕೆಂದು ಹಟ ಹಿಡಿಯಬೇಡಿ.

ಹಂತ 6: ಮೊದಲ ಒಂದು ವಾರ

ಹತ್ತಿಯ ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಮೊದಲ 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಎಳನೀರನ್ನು ಸ್ಟ್ರಾದಲ್ಲಿ ಹೀರಬೇಡಿ. ಕೆನ್ನೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡಿ. ಬಾವು ಎರಡು ಮೂರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ.

ಮೊಸರನ್ನ, ಆರಿದ ಅಂಬಲಿ, ಮೆತ್ತಗಿನ ಇಡ್ಲಿ ಸಾಕು. ಮುದ್ದೆಯನ್ನೂ ತಿನ್ನಬಹುದು, ಆದರೆ ಹೊಗೆಯಾಡುವ ಮುದ್ದೆ, ಖಾರದ ಸಾರು ಎರಡು ಮೂರು ದಿನ ಬೇಡ. ಇನ್ನೊಂದು ಬದಿಯಲ್ಲಿ ಅಗಿಯಿರಿ. ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ, ಬಿಸಿಲಲ್ಲಿ ಹೊಲದ ಕೆಲಸ, ಭಾರ ಹೊರುವುದನ್ನು ಒಂದು ವಾರ ಮುಂದಕ್ಕೆ ಹಾಕಿ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಯ ಹಿಂದಿನ ವಾರ ದಿನಾಂಕ ಕೊಟ್ಟರೆ ಬದಲಾಯಿಸಿಕೊಳ್ಳಿ. 7ರಿಂದ 10 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ.

ಕೆಳದವಡೆಗೆ ಹಾಕಿಸಿಕೊಂಡವರು ಇದೊಂದನ್ನು ನೆನಪಿಡಿ. ಇಂಜೆಕ್ಷನ್ನಿನ ಜೋಮು ಅವತ್ತೇ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ತುಟಿ, ಗಲ್ಲ ಜೋಮು ಹಿಡಿದೇ ಇದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು. ತಾನಾಗಿ ಸರಿಹೋಗಲಿ ಎಂದು ಕಾಯದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಬೇಗ ಹೋದಷ್ಟೂ ಸರಿಪಡಿಸುವುದು ಸುಲಭ. ನಿಲ್ಲದ ರಕ್ತ, ಜ್ವರ, ಕೀವು, ದಿನೇ ದಿನೇ ಏರುವ ನೋವಿಗೂ ಇದೇ ಮಾತು.

ಹಂತ 7: ಕಾಯುವ ತಿಂಗಳುಗಳು

ಕೆಳದವಡೆಯ ಮೂಳೆ ಗಟ್ಟಿ, ಅಲ್ಲಿ ಸುಮಾರು ಮೂರು ತಿಂಗಳು. ಮೇಲ್ದವಡೆಯ ಮೂಳೆ ಮೆದು, ಅಲ್ಲಿ ನಾಲ್ಕರಿಂದ ಆರು ತಿಂಗಳು. ಮೂಳೆ ಪುಡಿ ಹಾಕಿದ್ದರೆ ಇನ್ನೂ ಹೆಚ್ಚು. ಈ ಅವಧಿಯಲ್ಲಿ ಹೊಸ ಮೂಳೆ ಇಂಪ್ಲಾಂಟ್‌ನ ಒರಟು ಮೈಗೆ ಹತ್ತಿಕೊಂಡು ಬೆಳೆಯುತ್ತದೆ. ನೆಟ್ಟ ಬೇಲಿಕಂಬಕ್ಕೆ ಕಾಂಕ್ರೀಟ್ ಒಣಗುವ ಮುಂಚೆಯೇ ತಂತಿ ಎಳೆದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಹಾಕಿಸಿದ ಜಾಗವನ್ನು ನಾಲಿಗೆಯಿಂದ ತಳ್ಳುವುದು, ಅದರ ಮೇಲೆ ಕಡಲೆ ಕಡಿಯುವುದು ಬೇಡ. ನೋವಿಲ್ಲ ಎಂದ ಮಾತ್ರಕ್ಕೆ ಮೂಳೆ ಕೂಡಿದೆ ಎಂದಲ್ಲ.

ಹಂತ 8: ಅಚ್ಚು ತೆಗೆದು ಕ್ಯಾಪ್ ಹಾಕುವುದು

ಮೂಳೆ ಕೂಡಿದೆ ಎಂದು ಎಕ್ಸ್‌ರೇಯಲ್ಲಿ ಖಾತ್ರಿಯಾದ ಮೇಲೆ, ಒಳಗೆ ಮುಚ್ಚಿಟ್ಟಿದ್ದರೆ ವಸಡನ್ನು ಸ್ವಲ್ಪ ತೆರೆದು ಗುಂಡು ಮುಚ್ಚಳ ಹಾಕುತ್ತಾರೆ. ಒಂದೆರಡು ವಾರದಲ್ಲಿ ವಸಡು ಅದರ ಸುತ್ತ ಹಲ್ಲಿನ ಆಕಾರಕ್ಕೆ ಕೂರುತ್ತದೆ. ನಂತರ ಅಚ್ಚು ತೆಗೆಯುತ್ತಾರೆ, ಇಲ್ಲವೇ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಕಂಪ್ಯೂಟರ್‌ಗೆ ಅಳತೆ ಕಳಿಸುತ್ತಾರೆ. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸುವ ಕೆಲಸ ಹಗಲು ಬೆಳಕಿನಲ್ಲಾದರೆ ಒಳ್ಳೆಯದು. ಲ್ಯಾಬ್‌ನಿಂದ ಕ್ಯಾಪ್ ಬರಲು ಒಂದು ವಾರ, ಹತ್ತು ದಿನ.

ಕ್ಯಾಪ್ ಸಾಮಾನ್ಯವಾಗಿ ಎರಡು ಬಗೆ: ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವುದು ಒಂದು, ಜಿರ್ಕೋನಿಯಾ ಇನ್ನೊಂದು. ಜಿರ್ಕೋನಿಯಾಗೆ ಬೆಲೆ ಜಾಸ್ತಿ. ಯಾವ ಬಗೆಯದಾದರೂ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಬಹುದು, ತಿರುಪಿನಿಂದ ಬಿಗಿಯಬಹುದು. ಸಾಧ್ಯವಿದ್ದರೆ ತಿರುಪಿನದನ್ನೇ ಕೇಳಿ. ಮುಂದೆ ಸಡಿಲವಾದರೆ ಒಡೆಯದೆ ಬಿಚ್ಚಿ ಬಿಗಿಯಬಹುದು, ಉಳಿದ ಸಿಮೆಂಟ್ ವಸಡಿನೊಳಗೆ ಸಿಕ್ಕಿ ಕೀವು ಮಾಡುವ ಭಯವೂ ಇಲ್ಲ.

ಕೂರಿಸಿದ ಮೇಲೆ ಕಚ್ಚುವ ಬಣ್ಣದ ಕಾಗದ ಇಟ್ಟು ನೋಡುತ್ತಾರೆ. ನಮ್ಮ ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವಿದೆ, ಒತ್ತಿದರೆ ಹಲ್ಲು ಕೂದಲೆಳೆಯಷ್ಟು ಕುಗ್ಗುತ್ತದೆ. ಇಂಪ್ಲಾಂಟ್‌ಗೆ ಆ ಪದರವಿಲ್ಲ, ಕುಗ್ಗುವುದಿಲ್ಲ. ಅದಕ್ಕೇ ಕ್ಯಾಪ್ ಒಂದಿಷ್ಟೂ ಎತ್ತರ ಇರಬಾರದು. "ಅಭ್ಯಾಸ ಆಗುತ್ತೆ" ಎಂದು ಸುಮ್ಮನಾಗದೆ, ಮೊದಲು ತಾಗುತ್ತಿದೆ ಅನ್ನಿಸಿದರೆ ಅಲ್ಲೇ ಹೇಳಿ ಉಜ್ಜಿಸಿಕೊಳ್ಳಿ.

ಹಂತ 9: ಉಳಿಸಿಕೊಳ್ಳುವುದು

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು, ಮೂಳೆಗೆ ಸೋಂಕು ತಗುಲುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ಉಜ್ಜಬೇಡಿ, ಮೈ ಗೀರಿ ಕೊಳೆ ಹಿಡಿಯುತ್ತದೆ. ಮೆತ್ತನೆಯ ಬ್ರಷ್, ಪೇಸ್ಟ್ ದಿನಕ್ಕೆರಡು ಸಲ. ಹಲ್ಲಿನ ಸಂದಿಗೆ ಹೋಗುವ ಪುಟ್ಟ ಬಾಟಲಿಬ್ರಷ್‌ನಂಥದ್ದು ಮೆಡಿಕಲ್ ಶಾಪಿನಲ್ಲಿ ಕೇಳಿ, ರಾತ್ರಿ ಒಂದು ಸಲ ಬಳಸಿ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ವರ್ಷಕ್ಕೊಂದು ಎಕ್ಸ್‌ರೇ ಇರಲಿ. ಸುತ್ತ ರಕ್ತ ಬಂದರೆ, ವಾಸನೆ ಬಂದರೆ, ಕ್ಯಾಪ್ ಅಲ್ಲಾಡಿದರೆ ಅದೇ ವಾರ ತೋರಿಸಿ. ಕ್ಯಾಪ್ ಅಲ್ಲಾಡಿದರೆ ಬಹಳ ಸಲ ಸಡಿಲವಾಗಿರುವುದು ಮೇಲಿನ ತಿರುಪು ಮಾತ್ರ. ಹಾಗೇ ಅಗಿಯುತ್ತ ಹೋದರೆ ತಿರುಪು ಮುರಿಯುತ್ತದೆ, ಕೆಲಸ ದೊಡ್ಡದಾಗುತ್ತದೆ. ಟೈಟಾನಿಯಂ ಇದ್ದರೂ ಎಂಆರ್‌ಐ ಮಾಡಿಸಬಹುದು, ಮಾಡುವವರಿಗೆ ಮುಂಚೆ ತಿಳಿಸಿ.

ಸರಿಯಾಗಿ ಹಾಕಿ, ಸರಿಯಾಗಿ ನೋಡಿಕೊಂಡ ಇಂಪ್ಲಾಂಟ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹತ್ತು ವರ್ಷ ದಾಟುತ್ತವೆ. ಅದು ನಿಮಗೂ ದಕ್ಕಬೇಕಾದರೆ ಕೊನೆಯದಾಗಿ ಒಂದು ಕೆಲಸ ಮಾಡಿ. ಪ್ರತಿ ಇಂಪ್ಲಾಂಟ್‌ನ ಡಬ್ಬಿಯ ಮೇಲೆ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ನಿಮ್ಮ ಕಾರ್ಡಿಗೆ ಅಂಟಿಸಿ ಕೊಡುವಂತೆ ಕೇಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಸ್ಪ್ಯಾನರ್ ಎಷ್ಟೋ ಸಲ ಕೂರುವುದಿಲ್ಲ. ಹತ್ತು ವರ್ಷದ ಮೇಲೆ ಹಾಕಿದ ವೈದ್ಯರು ಊರು ಬಿಟ್ಟಿರಬಹುದು. ಆ ಸ್ಟಿಕ್ಕರ್ ಒಂದಿದ್ದರೆ ಯಾವ ಊರಿನ ದಂತವೈದ್ಯರಾದರೂ ಸರಿಯಾದ ಸಾಮಾನು ತರಿಸಿ ಬಿಗಿದು ಕೊಡಬಲ್ಲರು. ದುಡ್ಡು ಕಟ್ಟಿ ರಸೀದಿ ಕೇಳುವಾಗ ಇದನ್ನೂ ಮರೆಯದೆ ಕೇಳಿ.